ಐಪಿ (ದಿವಾಳಿ ಅರ್ಜಿ) ಹಾಕಬೇಕು ಅಂದುಕೊಂಡಿದ್ದೇನೆ, ಅದಕ್ಕೂ ಮೊದಲು ಮನೆ ಮಾರಬಹುದಾ?

ಓದುಗರ ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟಿದ್ದೆ. ನಷ್ಟವಾಗಿ ಮುಚ್ಚಿದೆ. ನಾಗಸಂದ್ರದ ಹತ್ತಿರ ಒಂದು ಫ್ಲಾಟ್ ಇದೆ, 2014ರಲ್ಲಿ 48 ಲಕ್ಷಕ್ಕೆ ಕೊಂಡಿದ್ದು. ಈಗ 95 ಲಕ್ಷದವರೆಗೆ ಕೇಳುತ್ತಿದ್ದಾರೆ. ಶಾಪಿಗಾಗಿ ಟಾಪ್-ಅಪ್ ತೆಗೆದಿದ್ದರಿಂದ ಮನೆ ಸಾಲ ಇನ್ನೂ 52 ಲಕ್ಷ ಇದೆ. ಕೈಸಾಲ, ಪರ್ಸನಲ್ ಲೋನ್, ಚೀಟಿ ಬಾಕಿ ಎಲ್ಲ ಸೇರಿ 31 ಲಕ್ಷ. ಐದು ತಿಂಗಳಿಂದ ಇಎಂಐ ಕಟ್ಟಿಲ್ಲ. ಮನೆಯನ್ನು ಭಾವಮೈದನ ಹೆಸರಿಗೆ ಮಾಡಿ, ಆಮೇಲೆ ಐಪಿ ಹಾಕಿಬಿಡು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಏನು ಮಾಡಲಿ?

ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ಸಾಲ ಒಟ್ಟು 83 ಲಕ್ಷ. ಮನೆಯ ಬೆಲೆ 95 ಲಕ್ಷ. ಅಂದರೆ ನೀವು ಇನ್ನೂ ದಿವಾಳಿ ಆಗಿಲ್ಲ. ಕೈಯಲ್ಲಿ ದುಡ್ಡಿಲ್ಲ, ಅಷ್ಟೇ. ಇವೆರಡೂ ಬೇರೆ ಬೇರೆ. ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಎರಡೂ ಒಂದೇ ಅನ್ನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಐಪಿ ಅರ್ಜಿ ಇರುವುದು ಸಾಲ ತೀರಿಸಲು ಆಗದವರಿಗೆ. ಮನೆ ಸರಿಯಾದ ಬೆಲೆಗೆ ಹೋದರೆ ನಿಮಗೆ ಸಾಲ ತೀರಿಸಲು ಆಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಈಗ ಮಾರಬಹುದು. ಬ್ಯಾಂಕಿಗೆ ತಿಳಿಸಿ, ಮಾರ್ಕೆಟ್ ಬೆಲೆಗೆ, ಹೊರಗಿನವರಿಗೆ ಮಾರಿ. ಐಪಿ ಹಾಕಿದ ಮೇಲೆ ಮಾರುವ ಯೋಚನೆ ಬೇಡ.

ಯಾಕೆ ಅಂತ ಹೇಳುತ್ತೇನೆ. 2016ರ ದಿವಾಳಿ ಕಾನೂನಿನ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಪಟ್ಟ ಭಾಗ ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರಿನಿಂದ. ಸ್ವಂತ ಹೆಸರಿನಲ್ಲಿ ಶಾಪ್ ನಡೆಸಿದ ನಿಮ್ಮಂಥವರಿಗೆ ಇವತ್ತಿಗೂ 1920ರ ಹಳೇ ಕಾನೂನೇ ಗತಿ. ಜನ ಐಪಿ ಹಾಕೋದು, ಪಾಪರ್ ಆಗೋದು ಅನ್ನುವುದು ಇದಕ್ಕೇ. ಕೋರ್ಟು ನಿಮ್ಮನ್ನು ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ (ಆಸ್ತಿ ನೋಡಿಕೊಳ್ಳುವ ಅಧಿಕಾರಿ) ಕೈಗೆ ಹೋಗುತ್ತದೆ. ಆದೇಶ ಬರುವುದು ತಡವಾದರೂ, ಅರ್ಜಿ ಹಾಕಿದ ದಿನದಿಂದಲೇ ಅದು ಜಾರಿಯಾದಂತೆ ಲೆಕ್ಕ. ಮಧ್ಯದಲ್ಲಿ ಮಾರಲು ಹೋದರೆ ವಿಷಯ ಗೊತ್ತಿರುವ ಯಾರೂ ಕೊಳ್ಳುವುದಿಲ್ಲ. ಗೊತ್ತಿಲ್ಲದವರಿಗೆ ಮುಚ್ಚಿಟ್ಟು ಮಾರಿದರೆ ಅವರನ್ನೂ ಕೋರ್ಟಿಗೆ ಅಲೆಸಿದಂತೆ. ಇನ್ನೊಂದು ಮಾತು: ಮನೆ ಅಡವಿಟ್ಟುಕೊಂಡ ಬ್ಯಾಂಕಿನ ಹಕ್ಕನ್ನು ಐಪಿ ಮುಟ್ಟುವುದಿಲ್ಲ. ನೀವು ಪಾಪರ್ ಆದರೂ ಬ್ಯಾಂಕ್ ಮನೆ ಹರಾಜು ಹಾಕಬಹುದು. ಮನೆ ಉಳಿಯುತ್ತೆ ಅಂತ ಐಪಿ ಹಾಕಿದ ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ಕೊನೆಗೆ.

ಭಾವಮೈದನ ವಿಷಯ. ದಯವಿಟ್ಟು ಬೇಡ. ದಿವಾಳಿ ಅರ್ಜಿ ಹಾಕುವ ಮೊದಲಿನ ಎರಡು ವರ್ಷದಲ್ಲಿ ದಾನಪತ್ರ ಮಾಡಿದ್ದರೆ, ಸುಮ್ನೆ ಹೆಸರಿಗೆ ಕ್ರಯಪತ್ರ ಮಾಡಿದ್ದರೆ, ರಿಸೀವರ್ ಅದನ್ನು ರದ್ದು ಮಾಡಿಸಬಹುದು. ಐಪಿ ಹಾಕದೇ ಇದ್ದರೂ, ಸಾಲ ಕೊಟ್ಟವರಿಂದ ತಪ್ಪಿಸಲು ಮಾಡಿದ ವರ್ಗಾವಣೆಯನ್ನು ಅವರು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದವರೊಬ್ಬರಿಗೆ ಮಾತ್ರ ಸಾಲ ತೀರಿಸಿ ಉಳಿದವರನ್ನು ಬಿಟ್ಟಿದ್ದರೆ ಅದಕ್ಕೂ ಇದೇ ಗತಿ. ಭಾವಮೈದ ಒಳ್ಳೆಯವನೇ ಇರಬಹುದು. ಅವನನ್ನೂ ಕಟಕಟೆಗೆ ಎಳೆಯಬೇಡಿ. ಅಲ್ಲದೆ, ಮೂಲ ಪತ್ರಗಳು ಬ್ಯಾಂಕಿನಲ್ಲಿವೆ ಅಲ್ವಾ? ಸಾಲ ತೀರದೆ ಅವು ಹೊರಗೆ ಬರುವುದಿಲ್ಲ.

ಈಗ ಬ್ಯಾಂಕಿನ ಕಡೆ. ನಿಮಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಇರುವುದು ತಾರೀಖು. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿಯಾದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಐದು ತಿಂಗಳಾಗಿದೆ ಅಂದರೆ ನಿಮ್ಮದು ಆಗಿರುತ್ತದೆ. ಮುಂದಿನದು ಅಡವಿಟ್ಟ ಆಸ್ತಿಯಿಂದ ಬ್ಯಾಂಕ್ ಸಾಲ ವಸೂಲಿ ಮಾಡುವ 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್. ಪೂರ್ತಿ ಬಾಕಿ ಕಟ್ಟಲು ಅದರಲ್ಲಿ 60 ದಿನ ಕೊಡುತ್ತಾರೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದ ಲಕೋಟೆಯನ್ನು ಹೆದರಿ ವಾಪಸ್ ಕಳಿಸಬೇಡಿ. ಒಡೆದು ನೋಡಿ, ತಾರೀಖು ಬರೆದಿಟ್ಟುಕೊಳ್ಳಿ. ನೋಟಿಸಿಗೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಬೇಕು. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತೆಯೂ ಇಲ್ಲ. ಒಪ್ಪಿಗೆ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಹರಾಜಿನ ರಗಳೆಗಿಂತ ನೀವೇ ಗಿರಾಕಿ ತಂದರೆ ಅವರಿಗೂ ಒಳ್ಳೆಯದೇ.

60 ದಿನ ಕಳೆದರೆ ಬ್ಯಾಂಕ್ ಸ್ವಾಧೀನಕ್ಕೆ ಬರಬಹುದು. ಅದರಲ್ಲಿ ತಪ್ಪಿದ್ದರೆ 45 ದಿನದೊಳಗೆ ಬೆಂಗಳೂರಿನ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಬಹುದು. ಸ್ವಾಧೀನವಾದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಹರಾಜಿನ ಪ್ರಕಟಣೆ ಹೊರಡುವ ಮೊದಲು ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ನಿಮಗಿದೆ. 2016ರ ತಿದ್ದುಪಡಿಗೆ ಮುಂಚೆ ಈ ಅವಕಾಶ ಇನ್ನೂ ಮುಂದಿನವರೆಗೆ ಇತ್ತು. ಈಗ ಪ್ರಕಟಣೆಯೇ ಗೆರೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹರಾಜಿನಲ್ಲಿ ಬಾಕಿಗಿಂತ ಜಾಸ್ತಿ ಬಂದರೆ ಉಳಿದದ್ದು ನಿಮಗೆ ಸೇರಬೇಕು, ನಿಜ. ಆದರೆ ಹರಾಜಿನ ಮನೆ ಅಂದರೆ ಕೊಳ್ಳುವವರು ಇಳಿಸಿಯೇ ಕೇಳುತ್ತಾರೆ. ನಿಮ್ಮ ಲೆಕ್ಕದಲ್ಲಿ ಉಳಿಯುವುದೇ 12 ಲಕ್ಷ. ಅದು ಅಲ್ಲೇ ಕರಗಿಹೋಗುತ್ತದೆ.

ಮಾರುವ ದಾರಿ ಹೀಗೆ. ಬ್ರಾಂಚಿನಲ್ಲಿ ಫೋರ್‌ಕ್ಲೋಷರ್ ಲೆಟರ್ (ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅನ್ನುವ ಪತ್ರ) ಮತ್ತು ಅವರ ಹತ್ತಿರ ಇರುವ ಪತ್ರಗಳ ಪಟ್ಟಿ ಕೇಳಿ ತೆಗೆದುಕೊಳ್ಳಿ. ಕೊಳ್ಳುವವರಿಗೆ ಎರಡನ್ನೂ ತೋರಿಸಿ, ಬಾಕಿ ಇರುವುದನ್ನು ಮುಚ್ಚಿಡಬೇಡಿ. ಇಸಿ (ಋಣಭಾರ ಪತ್ರ) ತೆಗೆದರೆ ಅಡಮಾನ ಸಾಮಾನ್ಯವಾಗಿ ಕಾಣುತ್ತದೆ. ಕರಾರಿನಲ್ಲಿ ಬ್ಯಾಂಕಿನ ಬಾಕಿ ಎಷ್ಟು, ಅದು ನೇರವಾಗಿ ಸಾಲದ ಖಾತೆಗೇ ಹೋಗಬೇಕು ಅಂತ ಬರೆಸಿ. ಕೊಳ್ಳುವವರು ಸಾಲ ಮಾಡುತ್ತಿದ್ದರೆ ಅವರ ಬ್ಯಾಂಕೇ ನಿಮ್ಮ ಬ್ಯಾಂಕಿಗೆ ಡಿಡಿ ಕೊಡುತ್ತದೆ. ಬಾಕಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಈಗ ಅದಿಲ್ಲದೆ ನೋಂದಣಿ ಆಗುವುದಿಲ್ಲ. ಗಿರಾಕಿ ಸಿಕ್ಕ ಮೇಲೆ ಖಾತಾಗೆ ಓಡಾಡುತ್ತಾ ಕೂತರೆ ನೋಟಿಸಿನ 60 ದಿನ ಅಲ್ಲೇ ಕಳೆದುಹೋಗುತ್ತದೆ. ಜಿಪಿಎ (ಅಧಿಕಾರ ಪತ್ರ) ಮೇಲೆ ಬರೆದುಕೊಡಿ, ನಾಳೆಯೇ ದುಡ್ಡು ಕೊಡುತ್ತೇನೆ ಅನ್ನುವ ಏಜೆಂಟರು ಬಂದರೆ ಒಪ್ಪಬೇಡಿ. ಜಿಪಿಎಯಿಂದ ಹಕ್ಕು ವರ್ಗಾವಣೆ ಆಗುವುದಿಲ್ಲ, ಸಾಲವೂ ನಿಮ್ಮ ತಲೆ ಮೇಲೇ ಉಳಿಯುತ್ತದೆ.

ಜನ ಮರೆಯುವುದು ಟ್ಯಾಕ್ಸ್. ದುಡ್ಡೆಲ್ಲ ಸಾಲಕ್ಕೇ ಹೋಯಿತಲ್ಲ, ನನಗೇನು ಟ್ಯಾಕ್ಸ್ ಅಂತ ಕೇಳುತ್ತಾರೆ. ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ಇದ್ದೇ ಇದೆ. ಸಾಲ ತೀರಿಸಿದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ನೀವು ಕೊಂಡಿದ್ದು 2024ರ ಜುಲೈ 23ಕ್ಕಿಂತ ಮೊದಲು. ಆದ್ದರಿಂದ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವುದು) ಇಲ್ಲದೆ 12.5%, ಇಂಡೆಕ್ಸೇಶನ್ ಜೊತೆ 20%, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ ಅಂಕಿಗೆ ಎರಡನೆಯದು ವಾಸಿ, ಸುಮಾರು 4 ಲಕ್ಷ ಬರುತ್ತದೆ. ಬೆಲೆ 50 ಲಕ್ಷ ದಾಟಿರುವುದರಿಂದ ಕೊಳ್ಳುವವರು 1% ಟಿಡಿಎಸ್ ಹಿಡಿದುಕೊಂಡೇ ಕೊಡುತ್ತಾರೆ, ಅದು ಈ ತೆರಿಗೆಗೇ ಜಮಾ ಆಗುತ್ತದೆ. ಉಳಿಯುವ 12 ಲಕ್ಷದಲ್ಲಿ ತೆರಿಗೆಯ ದುಡ್ಡು ಮೊದಲು ಎತ್ತಿಟ್ಟು, ಬ್ರೋಕರ್ ಕಮಿಷನ್ ಕಳೆದು, ಆಮೇಲೆ ಬಾಡಿಗೆ ಮನೆಯ ಅಡ್ವಾನ್ಸ್ ಲೆಕ್ಕ ಹಾಕಿ.

ಕೊನೆಗೆ, ನೀವು ಬರೆಯದೆ ಬಿಟ್ಟ ಒಂದು ವಿಷಯ. ಈ ಮನೆ ಸಾಲದಲ್ಲಿ ನಿಮ್ಮ ಹೆಂಡತಿಯ ಸಹಿಯೂ ಇದೆಯೇ? ಎಷ್ಟೋ ಮನೆಗಳಲ್ಲಿ ಇರುತ್ತದೆ. ಇದ್ದರೆ, ನೀವೊಬ್ಬರೇ ಐಪಿ ಹಾಕಿ ಬಿಡುಗಡೆ ಪಡೆದರೂ ಆ ಸಾಲ ಅವರನ್ನು ಬಿಡುವುದಿಲ್ಲ. ಬ್ಯಾಂಕಿನವರು ಮುಂದೆ ಅವರ ಬಾಗಿಲಿಗೇ ಬರುತ್ತಾರೆ. ಇವತ್ತು ಸಂಜೆ ಅವರ ಜೊತೆ ಕೂತು ಈ ಲೆಕ್ಕ ತೋರಿಸಿ. ನಾಳೆ ಬ್ರಾಂಚಿಗೆ ಇಬ್ಬರೂ ಒಟ್ಟಿಗೆ ಹೋಗಿ.