ವೃತ್ತ ಮೊಟ್ಟೆಯಾದರೆ ತಪ್ಪು ಕೈಯದ್ದಲ್ಲ

ಕಾಗದದ ಮೇಲೆ ಮುಖಗಳನ್ನು ಬಲು ಚೆಂದವಾಗಿ ಬಿಡಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಡ್ರಾಯಿಂಗ್ ಟ್ಯಾಬ್ಲೆಟ್ ಹಿಡಿದುಕೊಂಡು ಬಂದಳು. ಪೆನ್ನಿನಿಂದ ಮೇಲೆ ಎಳೆದ ಗೆರೆ ಕಂಪ್ಯೂಟರಿನ ಪರದೆಯಲ್ಲಿ ಮೂಡುವ ಹಲಗೆ ಅದು. ಕೊಂಡು ಒಂದು ತಿಂಗಳಾಗಿತ್ತು. “ಸರ್, ಇದರ ಮೇಲೆ ನನ್ನ ಕೈ ಓಡುವುದೇ ಇಲ್ಲ. ಯಾರ ಮುಖ ಬರೆದರೂ ಕೆನ್ನೆ ಊದಿಕೊಳ್ಳುತ್ತದೆ. ಇದನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ” ಎಂದಳು. ಧ್ವನಿ ಕುಗ್ಗಿತ್ತು. ಪ್ಲಾಸ್ಟಿಕ್ ಡಬ್ಬಿಯ ದುಂಡು ಮುಚ್ಚಳವೊಂದನ್ನು ಟ್ಯಾಬ್ಲೆಟ್ ಮೇಲೆ ಕವುಚಿಟ್ಟು, ಅದರ ಅಂಚಿಗೆ ಪೆನ್ ತಾಗಿಸಿ ಒಂದು ಸುತ್ತು ಗೆರೆ ಎಳೆಯಲು ಹೇಳಿದೆ. ಪರದೆಯ ಮೇಲೆ ಮೂಡಿದ್ದು ವೃತ್ತವಲ್ಲ, ಅಡ್ಡ ಮಲಗಿಸಿದ ಮೊಟ್ಟೆ.

ಅವಳ ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಅಂಗುಲ ಅಗಲ, 6.25 ಅಂಗುಲ ಎತ್ತರ, ಅಂದರೆ 16:10 ಅನುಪಾತ. ಮಾನಿಟರ್ 16:9. ಆ ಜಾಗವನ್ನು ಇಡೀ ಪರದೆಗೆ ಹರಡಿದಾಗ ಬರೆದದ್ದೆಲ್ಲ ಶೇ 11ರಷ್ಟು ಅಗಲವಾಗುತ್ತದೆ. ವರ್ಷಗಟ್ಟಲೆ ಕಾಗದದ ಮೇಲೆ ಪಳಗಿದ ಅವಳ ಕೈ ಸರಿಯಾದ ಕೆನ್ನೆಯನ್ನೇ ಬರೆಯುತ್ತಿತ್ತು. ಯಂತ್ರ ಅದನ್ನು ಹಿಗ್ಗಿಸುತ್ತಿತ್ತು. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶವಾದ ಡ್ರೈವರ್‌ನ ಸೆಟ್ಟಿಂಗ್‌ಗಳಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿದರೆ ಟ್ಯಾಬ್ಲೆಟ್ಟಿನ ಅಂಚಿನಲ್ಲಿ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚಿನ ಪಟ್ಟಿಯೊಂದು ಕೆಲಸಕ್ಕೆ ಬಾರದೆ ಉಳಿಯುತ್ತದೆ, ಆದರೆ ವೃತ್ತ ವೃತ್ತವಾಗಿಯೇ ಬರುತ್ತದೆ. ಎರಡು ಮಾನಿಟರ್ ಇಟ್ಟುಕೊಂಡವರಿಗೆ ಈ ತೊಂದರೆ ಇನ್ನೂ ದೊಡ್ಡದು. ಟ್ಯಾಬ್ಲೆಟ್ ಎರಡಕ್ಕೂ ಹರಡಿಕೊಂಡಿದ್ದರೆ ಇದೇ ಲೆಕ್ಕದಲ್ಲಿ ಅಗಲ ಎರಡು ಪಟ್ಟು ದಾಟುತ್ತದೆ. ಚಿತ್ರ ಬರೆಯುವ ಒಂದೇ ಮಾನಿಟರಿಗೆ ಅದನ್ನು ಕಟ್ಟಿಹಾಕಬೇಕು.

ಈ ಒಂದು ಸೆಟ್ಟಿಂಗ್ ಗೊತ್ತಿಲ್ಲದೆ “ನನಗೆ ಡಿಜಿಟಲ್ ಒಗ್ಗುವುದಿಲ್ಲ” ಎಂದು ಕೈಚೆಲ್ಲಿದವರನ್ನು ಸಾಕಷ್ಟು ನೋಡಿದ್ದೇನೆ. ಒಳ್ಳೆಯ ಕೈಗಳು ಹೀಗೆ ಸೋತು ಹಿಂದಿರುಗುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಯಾವ ಟ್ಯಾಬ್ಲೆಟ್ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ನಿಮ್ಮ ಪರದೆ ಎಷ್ಟು ಅಗಲವಿದೆ? ನೀವು ಗೆರೆ ಎಳೆಯುವುದು ಮಣಿಕಟ್ಟಿನಿಂದಲೋ, ಮೊಣಕೈಯಿಂದಲೋ?

ಮೂಲೆಯಿಂದ ಮೂಲೆಗೆ 24 ಅಂಗುಲದ ಮಾನಿಟರ್ ಸುಮಾರು 21 ಅಂಗುಲ ಅಗಲವಿರುತ್ತದೆ. ಅದರ ಮುಂದೆ 6 ಅಂಗುಲ ಅಗಲದ ಸಣ್ಣ ಟ್ಯಾಬ್ಲೆಟ್ ಇಟ್ಟರೆ ಕೈ ಒಂದು ಅಂಗುಲ ಸರಿದಾಗ ಪರದೆಯಲ್ಲಿ ಗೆರೆ ಮೂರೂವರೆ ಅಂಗುಲ ಓಡುತ್ತದೆ. ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಅದೇ ಸಣ್ಣ ಟ್ಯಾಬ್ಲೆಟ್ 14 ಅಂಗುಲದ ಲ್ಯಾಪ್‌ಟಾಪಿನ ಮುಂದೆ ಎರಡು ಪಟ್ಟಿಗೆ ನಿಲ್ಲುತ್ತದೆ, ಆರಾಮಾಗಿ ಬರೆಯಬಹುದು. ದೊಡ್ಡ ಮಾನಿಟರಿಗೆ 10 ಅಂಗುಲದ್ದು ಹೊಂದುತ್ತದೆ. ಅದಕ್ಕಿಂತ ದೊಡ್ಡದು ಭುಜದಿಂದ ತೋಳು ಬೀಸಿ ಬರೆಯುವವರಿಗೆ ಮಾತ್ರ ಒದಗುತ್ತದೆ. ಉಳಿದವರಿಗೆ ಅದು ಮೇಜಿನ ಜಾಗ ತಿನ್ನುತ್ತದೆ, ಕೀಬೋರ್ಡನ್ನು ಮೂಲೆಗೆ ತಳ್ಳುತ್ತದೆ.

ಪೆಟ್ಟಿಗೆಯ ಮೇಲೆ ಮಿಂಚುವ ಅಂಕಿಗಳಿಗೆ ನಾನು ಕೊಡುವ ಬೆಲೆ ಕಡಿಮೆ. 5080 ಎಂದು ಬರೆದಿದ್ದರೆ ಒಂದು ಅಂಗುಲದಲ್ಲಿ ಅಷ್ಟು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ ಎಂದರ್ಥ. 10 ಅಂಗುಲಕ್ಕೆ 50,800 ಆಯಿತು. ಎದುರಿಗಿರುವ ಮಾನಿಟರಿನ ಅಗಲ 1920 ಪಿಕ್ಸೆಲ್ ಆದರೆ ಒಂದೊಂದು ಪಿಕ್ಸೆಲ್‌ಗೆ 26 ಸ್ಥಾನಗಳು ಸಿಕ್ಕಿದಂತೆ. ಇದಕ್ಕಿಂತ ಹೆಚ್ಚು ನಮಗೇಕೆ? ಕೈಯ ಒತ್ತನ್ನು ಪೆನ್ ಎಷ್ಟು ಹಂತಗಳಲ್ಲಿ ಗುರುತಿಸುತ್ತದೆ ಎನ್ನುವ ಒತ್ತಡದ ಮಟ್ಟಗಳದ್ದೂ ಅದೇ ಕಥೆ. 2048, 8192, ಈಗ 16384. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಗೆ ಇರುವುದೇ 256 ಮೆಟ್ಟಿಲು. 2048 ಮಟ್ಟದ ಪೆನ್ನಿನಿಂದ ಬರೆದ ಗೆರೆಗೂ 8192ರ ಗೆರೆಗೂ ನನ್ನ ಕಣ್ಣು ವ್ಯತ್ಯಾಸ ಕಂಡಿಲ್ಲ.

ನೋಡಬೇಕಾದದ್ದು ಎಷ್ಟು ಹಗುರ ಸ್ಪರ್ಶಕ್ಕೆ ಗೆರೆ ಹುಟ್ಟುತ್ತದೆ ಎಂಬುದನ್ನು. ಪೆನ್ನಿನ ಮೇಲ್ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಭಾರವನ್ನಷ್ಟೇ ಟ್ಯಾಬ್ಲೆಟ್ಟಿನ ಮೇಲೆ ಬಿಟ್ಟು ಎಳೆಯಿರಿ. ತೆಳುವಾದ ಗೆರೆ ಬಂದರೆ ಒಳ್ಳೆಯ ಪೆನ್. ಬರದಿದ್ದರೆ ಕೂದಲೆಳೆ, ರೆಪ್ಪೆ, ನೆರಳಿನ ಅಂಚು ಬರೆಯುವಾಗಲೆಲ್ಲ ಒತ್ತಬೇಕಾಗುತ್ತದೆ, ಸಂಜೆಗೆ ಹೆಬ್ಬೆರಳ ಬುಡ ನೋಯುತ್ತದೆ. ಇನ್ನೊಂದು ಪರೀಕ್ಷೆಯನ್ನೂ ಅಂಗಡಿಯಲ್ಲೇ ಮಾಡಬಹುದು. ತಂತ್ರಾಂಶದಲ್ಲಿ ಗೆರೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿ, ಪ್ಲಾಸ್ಟಿಕ್ ಸ್ಕೇಲ್ ಓರೆಯಾಗಿಟ್ಟು, ಬಸವನ ಹುಳುವಿನಷ್ಟು ನಿಧಾನವಾಗಿ ಗೆರೆ ಎಳೆಯಿರಿ. ಸ್ಕೇಲ್ ನೇರವಿದ್ದೂ ಗೆರೆ ಅಲೆಅಲೆಯಾಗಿ ಬಂದರೆ ಆ ಟ್ಯಾಬ್ಲೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ. ಓರೆಗೆರೆಯಲ್ಲಿ ಈ ದೋಷ ಎದ್ದು ಕಾಣುತ್ತದೆ, ವೇಗವಾಗಿ ಎಳೆದರೆ ಅಡಗಿಕೊಳ್ಳುತ್ತದೆ.

ಪ್ಲಾಸ್ಟಿಕ್ ಮುಚ್ಚಳ, ಪ್ಲಾಸ್ಟಿಕ್ ಸ್ಕೇಲ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ಯಾಟರಿ ಇಲ್ಲದ ಪೆನ್ನುಗಳು ಕೆಲಸ ಮಾಡುವುದು ವಿದ್ಯುತ್ಕಾಂತೀಯ ಅನುರಣನದಿಂದ. ಟ್ಯಾಬ್ಲೆಟ್ಟಿನೊಳಗಿನ ತಂತಿಗಳ ಜಾಲ ಒಂದು ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಮರುದನಿ ಕೊಡುತ್ತದೆ. ಆ ದನಿ ಎಲ್ಲಿಂದ ಬಂತು ಎಂಬುದನ್ನು ಜಾಲ ಲೆಕ್ಕ ಹಾಕುತ್ತದೆ. ಹತ್ತಿರ ಲೋಹವೋ ಅಯಸ್ಕಾಂತವೋ ಬಂದರೆ ಲೆಕ್ಕ ತಪ್ಪುತ್ತದೆ. ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪಿನ ಮೇಲೆಯೇ ಇಟ್ಟುಕೊಂಡು ಬರೆಯುವವರು, ಪಕ್ಕಕ್ಕೆ ಅಂಟಿಸಿದಂತೆ ಮೊಬೈಲ್ ಇಡುವವರು ಗೆರೆ ನಡುಗುತ್ತದೆ ಎಂದು ದೂರುವುದು ಇದರಿಂದಲೇ. ಕಾಗದ ಮಾತ್ರ ಅಡ್ಡಿಯಲ್ಲ. ಪೆನ್ಸಿಲ್ ಚಿತ್ರದ ಹಾಳೆಯನ್ನು ಟ್ಯಾಬ್ಲೆಟ್ ಮೇಲೆ ಅಂಟಿಸಿ, ಅದರ ಮೇಲೆಯೇ ಪೆನ್ ಆಡಿಸಿ ಗೆರೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು.

ಪರದೆ ಇರುವ ಟ್ಯಾಬ್ಲೆಟ್ ಕೊಳ್ಳಬೇಕೇ ಎಂಬುದು ಹೊಸಬರನ್ನು ಕಾಡುವ ಪ್ರಶ್ನೆ. ಗೆರೆ ಪೆನ್ನಿನ ಕೆಳಗೇ ಮೂಡುವ ಸುಖ ದೊಡ್ಡದು, ನಿಜ. ಮಸಿಗೆಲಸ (ಕರಡಿನ ಮೇಲೆ ಅಂತಿಮ ಗೆರೆ ಎಳೆಯುವುದು) ಮಾಡುವಾಗ ನಾನೂ ಅದನ್ನೇ ಬಳಸುತ್ತೇನೆ. ಆದರೆ ಗಾಜಿಗೂ ಚಿತ್ರಕ್ಕೂ ನಡುವೆ ಅಂತರವಿದ್ದರೆ ಪೆನ್ನಿನ ತುದಿ ಒಂದೆಡೆ, ಗೆರೆ ಒಂದೆಡೆ ಆಗುತ್ತದೆ. ಹಾಗಾಗಿ ಗಾಜು ಮತ್ತು ಪರದೆಯನ್ನು ಬೆಸೆದು ಮಾಡಿದ್ದನ್ನೇ ಆರಿಸಿ. ಪೆನ್ನಿನ ತುದಿಗೂ ಗೆರೆಗೂ ಜೋಡಣೆ ಸರಿಪಡಿಸುವಾಗ ಚಿತ್ರ ಬರೆಯಲು ಹೇಗೆ ಕೂರುತ್ತೀರೋ ಹಾಗೆಯೇ ಕೂತು ಮೂಲೆಯ ಗುರುತುಗಳನ್ನು ಮುಟ್ಟಿ. ನಿಂತು ಮುಟ್ಟಿದರೆ ಕೂತಾಗ ತಪ್ಪುತ್ತದೆ. ಮುಖ್ಯವಾಗಿ ಕುತ್ತಿಗೆಯನ್ನು ನೆನೆಯಿರಿ. ಪರದೆಯಿರುವ ಟ್ಯಾಬ್ಲೆಟ್ಟನ್ನು ಚಪ್ಪಟೆಯಾಗಿಟ್ಟುಕೊಂಡು ದಿನಕ್ಕೆ ಆರು ಗಂಟೆ ಬಗ್ಗಿದವರ ಬೆನ್ನು ಸುಮ್ಮನಿರುವುದಿಲ್ಲ. ನನ್ನ ಬೆನ್ನೂ ಸುಮ್ಮನಿರಲಿಲ್ಲ. ಎತ್ತರಿಸಿದ ಸ್ಟ್ಯಾಂಡ್ ಬಂದ ಮೇಲೆಯೇ ನೋವು ಇಳಿದದ್ದು. ಪರದೆ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ತಲೆ ನೆಟ್ಟಗಿರುತ್ತದೆ, ಚಿತ್ರವನ್ನು ಕೈ ಮರೆಮಾಡುವುದಿಲ್ಲ.

ಕೈ ಕೆಳಗೆ, ಕಣ್ಣು ಮೇಲೆ ಎನ್ನುವ ಈ ಏರ್ಪಾಡು ಹೊಸದೇನಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ರೂಪಿಸಿದ 1964ರ ರ‍್ಯಾಂಡ್ ಟ್ಯಾಬ್ಲೆಟ್ ಕೂಡ ಹೀಗೆಯೇ ಇತ್ತು: ಸುಮಾರು 10 ಅಂಗುಲದ ಚೌಕದೊಳಗೆ ತಂತಿಗಳ ಜಾಲ, ಎದುರಿಗೆ ಬೇರೆ ಪರದೆ.

ಕಂಪ್ಯೂಟರ್ ಬೇಡ, ಐಪ್ಯಾಡ್ ಸಾಕು ಎನ್ನುವವರಿಗೆ ಒಂದೇ ಎಚ್ಚರಿಕೆ. ಆಪಲ್ ಪೆನ್ಸಿಲ್‌ಗಳೆಲ್ಲ ಒಂದೇ ಅಲ್ಲ. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್ ಒತ್ತಡವನ್ನು ಅರಿಯುವುದಿಲ್ಲ. ಟಿಪ್ಪಣಿ ಬರೆಯಲು ಅದು ಸಾಕು, ಗೆರೆಯಲ್ಲಿ ಉಬ್ಬು ತಗ್ಗು ಬೇಕಾದವರಿಗೆ ಸಾಲದು. ನಿಮ್ಮ ಐಪ್ಯಾಡಿಗೆ ಯಾವ ಪೆನ್ಸಿಲ್ ಹೊಂದುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಟ್ಯಾಬ್ಲೆಟ್ ಮನೆಗೆ ಬಂದ ಮೇಲೆ ಹಳೆಯ ಟ್ಯಾಬ್ಲೆಟ್ಟಿನ ಡ್ರೈವರ್ ಇದ್ದರೆ ಅದನ್ನು ತೆಗೆದುಹಾಕಿ, ಕಂಪ್ಯೂಟರನ್ನು ಮತ್ತೆ ಆರಂಭಿಸಿ, ಆಮೇಲೆ ಹೊಸದನ್ನು ಹಾಕಿ. ಎರಡು ಡ್ರೈವರ್‌ಗಳು ಜಗಳವಾಡಿದಾಗ ಮೊದಲು ಕೈಕೊಡುವುದು ಒತ್ತಡವೇ. ಚಿತ್ರ ಬರೆಯಲು ಕ್ರಿಟಾ ಸಾಕು. ಅದು ಉಚಿತ, ಮುಕ್ತ ತಂತ್ರಾಂಶ. ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಯೋಚನೆಯನ್ನು ಮೊದಲ ಆರು ತಿಂಗಳು ದೂರವಿಡಿ.

ಮುಚ್ಚಳದ ಪರೀಕ್ಷೆ ಮುಗಿದ ಮೇಲೆ ಒತ್ತಡದ ವಕ್ರರೇಖೆಗೆ ಕೈ ಹಾಕಿ. ಡ್ರೈವರ್‌ನಲ್ಲಿ ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಹೋಗುವ ಗೆರೆ ಕಾಣುತ್ತದೆ. ಅಡ್ಡಕ್ಕೆ ನಿಮ್ಮ ಕೈಯ ಒತ್ತು, ನೇರಕ್ಕೆ ಬ್ರಷ್ ಪಡೆಯುವ ಒತ್ತು. ಗೆರೆಯನ್ನು ಮೇಲಕ್ಕೆ ಬಾಗಿಸಿದರೆ ಹಗುರ ಕೈಗೂ ದಪ್ಪ ಗೆರೆ ಬರುತ್ತದೆ, ಕೆಳಕ್ಕೆ ಬಾಗಿಸಿದರೆ ಒತ್ತಿ ಬರೆಯುವ ಕೈಗೆ ಹಿಡಿತ ಸಿಗುತ್ತದೆ. ನನ್ನದು ಭಾರದ ಕೈ. ಕಾಗದದ ಕಾಲದಲ್ಲಿ ನನ್ನ ಹಾಳೆಯ ಹಿಂಬದಿಯನ್ನು ಸವರಿದರೆ ಗೆರೆಗಳು ಬೆರಳಿಗೆ ಸಿಗುತ್ತಿದ್ದವು. ಹಾಗಾಗಿ ವಕ್ರರೇಖೆಯನ್ನು ನಡುವಿನಲ್ಲಿ ಚೆನ್ನಾಗಿ ತಗ್ಗಿಸಿಟ್ಟಿದ್ದೇನೆ. ಕ್ರಿಟಾದ ಸೆಟ್ಟಿಂಗ್‌ಗಳಲ್ಲೂ ಇಂಥದೇ ರೇಖೆಯಿದೆ. ಎರಡು ಕಡೆ ಬಾಗಿಸಿದರೆ ಪರಿಣಾಮ ಒಂದರ ಮೇಲೊಂದು ಕೂತು ಗೋಜಲಾಗುತ್ತದೆ. ಒಂದು ಕಡೆ ಮಾತ್ರ ತಿದ್ದಿ.

ಟ್ಯಾಬ್ಲೆಟ್ಟನ್ನು ಮಾನಿಟರಿಗೆ ನೇರವಾಗಿ ಇಡುವುದನ್ನು ಬಹಳ ಜನ ಮರೆಯುತ್ತಾರೆ. ಸ್ವಲ್ಪ ಓರೆಯಾಗಿದ್ದರೂ ನೀವು ಎಳೆದ ಅಡ್ಡಗೆರೆಗಳೆಲ್ಲ ಜಾರುತ್ತವೆ. ಮೇಜಿನ ಮೇಲೆ ಅದರ ಮೂಲೆಗಳಿಗೆ ಟೇಪಿನ ಗುರುತು ಹಾಕಿಡಿ, ದಿನವೂ ಅಲ್ಲೇ ಕೂರಿಸಿ. ಜಾಗ ಬದಲಾದಂತೆಲ್ಲ ಕೈ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಅಭ್ಯಾಸಕ್ಕೆ ನಾನು ಕೊಡುವುದು ಸರಳವಾದ ಕೆಲಸ. ಪರದೆಯಲ್ಲಿ ಎಲ್ಲೆಂದರಲ್ಲಿ ಇಪ್ಪತ್ತು ಚುಕ್ಕೆ ಇಟ್ಟು ಎರಡೆರಡನ್ನು ಒಂದೇ ಎಳೆತದಲ್ಲಿ ಜೋಡಿಸುವುದು. ಪೆನ್ ಊರುವ ಮುನ್ನ ಗಾಳಿಯಲ್ಲಿ ಎರಡು ಬಾರಿ ಆ ದಾರಿಯಲ್ಲಿ ಹೋಗಿ ಬನ್ನಿ. ಕಣ್ಣು ತಲುಪಬೇಕಾದ ಚುಕ್ಕೆಯ ಮೇಲಿರಲಿ, ಕೈಯ ಮೇಲಲ್ಲ. ಆಮೇಲೆ ದೊಡ್ಡ ವೃತ್ತಗಳು. ದಿನಕ್ಕೆ ಹದಿನೈದು ನಿಮಿಷ. ನನ್ನ ಬಳಿ ಕಲಿತವರಲ್ಲಿ ಹೆಚ್ಚಿನವರಿಗೆ ಮೂರನೆಯ ವಾರದ ಹೊತ್ತಿಗೆ ಕೈ ಎಲ್ಲಿದೆ ಎಂಬ ಯೋಚನೆ ಬಿಟ್ಟುಹೋಗಿದೆ. ಈ ಅವಧಿಯಲ್ಲಿ ಗೆರೆ ನಯಗೊಳಿಸುವ ಸೌಲಭ್ಯ ಬೇಡ. ಮಸಿಗೆಲಸಕ್ಕೆ ಅದು ಒಳ್ಳೆಯ ಸಂಗಾತಿ, ಆದರೆ ಕಲಿಯುವಾಗ ನಿಮ್ಮ ನಡುಕವನ್ನು ನಿಮ್ಮಿಂದಲೇ ಮುಚ್ಚಿಡುತ್ತದೆ.

ಮುದ್ರಣಕ್ಕೆ ಹೋಗುವ ಚಿತ್ರವಾದರೆ ಎ4 ಹಾಳೆಗೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಲೆಕ್ಕದಲ್ಲಿ 2480ಕ್ಕೆ 3508 ಪಿಕ್ಸೆಲ್ ಬೇಕು. ಅಭ್ಯಾಸಕ್ಕೆ ಅಷ್ಟು ದೊಡ್ಡ ಹಾಳೆ ತೆರೆಯಬೇಡಿ. ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಬ್ರಷ್ ಪೆನ್ನಿನ ಹಿಂದೆ ಏದುಸಿರು ಬಿಡುತ್ತಾ ಬರುತ್ತದೆ.

ಪೆನ್ನಿನ ಬದಲಿಸಬಹುದಾದ ತುದಿ, ಅಂದರೆ ನಿಬ್, ಸವೆಯುತ್ತದೆ. ಕಾಗದದಂತೆ ತರಿತರಿಯಾದ ಮೇಲ್ಮೈ ಇದ್ದಷ್ಟೂ ಬೇಗ ಸವೆಯುತ್ತದೆ. ಒಂದೇ ಕೋನದಲ್ಲಿ ಹಿಡಿಯುವುದರಿಂದ ತುದಿ ಒಂದು ಬದಿಗೆ ಚಪ್ಪಟೆಯಾಗಿ, ಅದರ ಅಂಚು ಉಳಿಯಂತೆ ಹರಿತವಾಗುತ್ತದೆ. ಹಾಗೆಯೇ ಬಿಟ್ಟರೆ ಟ್ಯಾಬ್ಲೆಟ್ಟಿನ ಮೈಮೇಲೆ ಗೀರು ಬೀಳುತ್ತದೆ, ಆ ಗೀರನ್ನು ತೆಗೆಯಲಾಗದು. ಹದಿನೈದು ದಿನಕ್ಕೊಮ್ಮೆ ನಿಬ್ಬಿನ ತುದಿಯನ್ನು ಉಗುರಿನ ಮೇಲೆ ಸುತ್ತ ತಿರುಗಿಸಿ ನೋಡಿ. ಎಲ್ಲಾದರೂ ಉಗುರಿಗೆ ಕಚ್ಚಿದರೆ ಪೆನ್ನಿನ ಜೊತೆ ಬಂದ ಇಕ್ಕಳದಿಂದ ಅದನ್ನು ಎಳೆದು, ಹೊಸದನ್ನು ನೇರವಾಗಿ ಒತ್ತಿ ಕೂರಿಸಿ.