ತಿಮಿಂಗಿಲಕ್ಕೂ ನೀರಾನೆಗೂ ನಂಟಿದೆ ಅಂತ ಗೊತ್ತಾಗಿದ್ದು ಹೇಗೆ?

ತಿಮಿಂಗಿಲಕ್ಕೆ ಈಗ ಬದುಕಿರೋ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಹತ್ತಿರದ ಸಂಬಂಧಿ ನೀರಾನೆ ಅಂದ್ರೆ ತುಂಬಾ ಜನ ನಂಬಲ್ಲ. ವಿಜ್ಞಾನಿಗಳೇ ಬಹಳ ವರ್ಷ ನಂಬಿರ್ಲಿಲ್ಲ. ನೀರಾನೆ ಹಂದಿ ಕಡೇದು, ತಿಮಿಂಗಿಲ ಬಂದಿದ್ದು ಮೆಸೊನಿಕಿಡ್ ಅನ್ನೋ ಅಳಿದುಹೋದ ಮಾಂಸಾಹಾರಿ ಪ್ರಾಣಿಗಳಿಂದ ಅಂತ ಹಲ್ಲಿನ ಹೋಲಿಕೆ ನೋಡಿ ಹೇಳ್ತಿದ್ರು.

ರಕ್ತ ಮಾತ್ರ ಮೊದಲಿಂದ ಬೇರೇನೇ ಹೇಳ್ತಿತ್ತು. ಒಂದು ಪ್ರಾಣಿಯ ಸೀರಂನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವ) ಮೊಲಕ್ಕೆ ಚುಚ್ಚಿದ್ರೆ ಮೊಲದ ಮೈಯಲ್ಲಿ ಅದ್ರ ವಿರುದ್ಧ ಆಂಟಿಬಾಡಿ ಹುಟ್ಕೊಳ್ಳುತ್ತೆ, ಅದನ್ನ ಬೇರೆ ಪ್ರಾಣಿಯ ಸೀರಂ ಜೊತೆ ಬೆರೆಸಿದಾಗ ಗಸಿ ಎಷ್ಟು ಜಾಸ್ತಿ ಕಟ್ಟುತ್ತೋ ನಂಟು ಅಷ್ಟು ಹತ್ತಿರ. ಕೇಂಬ್ರಿಡ್ಜ್‌ನ ಜಾರ್ಜ್ ನಟಾಲ್ 1904ರಲ್ಲೇ ಈ ಥರದ ಪರೀಕ್ಷೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ರು. 1950ರಲ್ಲಿ ಬಾಯ್ಡನ್ ಮತ್ತು ಜೆಮೆರಾಯ್ ಇದೇ ದಾರೀಲಿ ಹೋಗಿ, ದನ, ಹಂದಿ, ಒಂಟೆ ಇರೋ ಸಮಗೊರಸಿನ ಗುಂಪಿಗೇ ತಿಮಿಂಗಿಲ ಹತ್ತಿರ ಅಂತ ತೋರಿಸಿದ್ರು. ಇಷ್ಟು ಮುಖ್ಯವಾದ ಸುಳಿವನ್ನ ಹೆಚ್ಚಿನವರು ದಶಕಗಟ್ಟಲೆ ಬದಿಗಿಟ್ಟಿದ್ದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

1990ರ ದಶಕದಲ್ಲಿ ಡಿಎನ್‌ಎ ಹೋಲಿಕೆ ಶುರುವಾಯ್ತು. ಅಲ್ಲೂ ತೊಡಕಿತ್ತು, ಡಿಎನ್‌ಎಲಿ ಇರೋದು ನಾಲ್ಕೇ ಅಕ್ಷರ, ನಂಟೇ ಇಲ್ಲದ ಎರಡು ಪ್ರಾಣಿಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಬದಲಾವಣೆ ಆಕಸ್ಮಿಕವಾಗಿ ಆಗಬಹುದು. ಜಪಾನಿನ ನೊರಿಹಿರೊ ಒಕಾಡ ತಂಡ ಇದಕ್ಕೆ ಚೆಂದದ ದಾರಿ ಹುಡುಕ್ತು. ಸೈನ್ ಅಂತ ಚಿಕ್ಕ ಡಿಎನ್‌ಎ ತುಣುಕುಗಳಿವೆ, ಅವುಗಳ ನಕಲು ಜೀನೋಮ್‌ನಲ್ಲಿ, ಅಂದ್ರೆ ಪ್ರಾಣಿಯ ಒಟ್ಟು ಡಿಎನ್‌ಎಲಿ, ಎಲ್ಲೋ ಒಂದ್ಕಡೆ ಹೋಗಿ ಸೇರ್ಕೊಳ್ಳುತ್ತೆ, ಒಂದ್ಸಲ ಸೇರಿದ್ರೆ ಗುರುತೇ ಉಳಿಯದ ಹಾಗೆ ಹೊರಗೆ ಹೋಗೋದು ಬಲು ಅಪರೂಪ. ಹಾಗಾಗಿ ಎರಡು ಪ್ರಾಣಿಗಳಲ್ಲಿ ಅದೇ ತುಣುಕು ಅದೇ ಜಾಗದಲ್ಲಿ ಕೂತಿದ್ರೆ, ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಬಂದಿದೆ ಅಂತಾನೇ ಅರ್ಥ. 1999ರಲ್ಲಿ ಆ ತಂಡ ಪ್ರಕಟಿಸಿದ ಫಲಿತಾಂಶದಲ್ಲಿ ತಿಮಿಂಗಿಲ, ನೀರಾನೆ ಎರಡರಲ್ಲೂ ಇರೋ, ದನ ಹಂದಿ ಒಂಟೆಗಳಲ್ಲಿ ಇಲ್ಲದ ಇಂಥ ತುಣುಕುಗಳು ಸಿಕ್ಕಿದ್ವು.

ಎರಡೇ ವರ್ಷಕ್ಕೆ ಮೂಳೆನೂ ಒಪ್ಕೊಳ್ತು. 2001ರಲ್ಲಿ ಪಾಕಿಸ್ತಾನದ ಪಳೆಯುಳಿಕೆಗಳನ್ನ ಇಟ್ಕೊಂಡು ಪಳೆಯುಳಿಕೆ ತಜ್ಞರಾದ ಗಿಂಗರಿಚ್ ಮತ್ತು ಥೀವಿಸನ್ ಅವರ ತಂಡಗಳು ಬೇರೆ ಬೇರೆಯಾಗಿ ವರದಿ ಮಾಡಿದ್ವು: ಕಾಲಿದ್ದ ಹಳೇ ತಿಮಿಂಗಿಲಗಳ ಪಾದದ ಕೀಲಿನ ಮೂಳೆ, ಸಮಗೊರಸಿನ ಪ್ರಾಣಿಗಳದ್ದರ ಥರಾನೇ ಎರಡೂ ತುದೀಲಿ ರಾಟೆಯ ಆಕಾರದಲ್ಲಿತ್ತು. ಮೆಸೊನಿಕಿಡ್ ವಾದ ಮಾಡ್ತಿದ್ದ ಗಿಂಗರಿಚ್ ಅಭಿಪ್ರಾಯ ಬದಲಾಯಿಸ್ಕೊಂಡ್ರು, ಅದಕ್ಕೆ ಅವ್ರನ್ನ ಮೆಚ್ಚಲೇಬೇಕು.

ಆಮೇಲೆ 2007ರಲ್ಲಿ ಇಂಡೋಹ್ಯಸ್ ಅನ್ನೋ ಅಳಿದುಹೋದ ಪ್ರಾಣಿಯ ಸರದಿ. ಜಮ್ಮುವಿನ ಕಾಲಾಕೋಟ್ ಹತ್ರ ಭೂವಿಜ್ಞಾನಿ ರಂಗರಾವ್ ದಶಕಗಳ ಹಿಂದೆ ಸಂಗ್ರಹಿಸಿಟ್ಟಿದ್ದ ಕಲ್ಲುಗಳಲ್ಲಿ ಬೆಕ್ಕಿನಷ್ಟು ದೊಡ್ಡ ಗೊರಸಿನ ಪ್ರಾಣಿ ಇತ್ತು, ಅದರ ಕಿವಿ ಮೂಳೆಯ ಒಂದು ಬದಿ ತಿಮಿಂಗಿಲದ್ದರ ಹಾಗೇ ದಪ್ಪ. ಇದು ಸುಮಾರು 4.8 ಕೋಟಿ ವರ್ಷದ್ದು, ಇದುವರೆಗೆ ಓದೋಕ್ಕಾಗಿರೋ ಅತಿ ಹಳೇ ಡಿಎನ್‌ಎ ಸುಮಾರು 20 ಲಕ್ಷ ವರ್ಷದ್ದಷ್ಟೇ, ಹಾಗಾಗಿ ಇಂಡೋಹ್ಯಸ್ ಎಲ್ಲಿ ಸೇರುತ್ತೆ ಅಂತ ಹೇಳೋಕೆ ಆ ಮೂಳೆಗಳೇ ಬೇಕು.