ಯೇವ್ಲೆಯ ಹುಲ್ಲಿನ ಹೋತವನ್ನು ಸುಡುವುದು ಸಂಪ್ರದಾಯವಾ?

ಪ್ರಶ್ನೆ: ಸ್ವೀಡನ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ದೊಡ್ಡದೊಂದು ಹುಲ್ಲಿನ ಮೇಕೆ ಮಾಡಿ ಬೆಂಕಿ ಹಚ್ಚುತ್ತಾರಂತೆ. ನಮ್ಮ ಕಾಮದಹನದ ಹಾಗೆ ಅದೂ ಒಂದು ಆಚರಣೆಯೇ? ಯಾಕೆ ಸುಡುತ್ತಾರೆ?

ಡಿಸೆಂಬರ್ ಬಂತು, ಈ ಪ್ರಶ್ನೆಯೂ ಬಂತು. ಹೋದ ವರ್ಷ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಆದರೆ ಹೊತ್ತಿ ಉರಿಯುವ ಆ ಹೋತದ ವಿಡಿಯೊ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಲೇ ಇದೆ. ಅದಕ್ಕೇ ಈ ಸಲ ಮೊದಲೇ ಹೇಳಿಬಿಡುತ್ತೇನೆ. ಅಲ್ಲ, ಅದು ಆಚರಣೆಯಲ್ಲ. ಅಲ್ಲಿನ ಕಾನೂನಿನ ಪ್ರಕಾರ ಅದು ಅಪರಾಧ.

ಊರಿನ ಹೆಸರು ಯೇವ್ಲೆ. ಇಂಗ್ಲಿಷ್ ಅಕ್ಷರ ನೋಡಿ ಗಾವ್ಲೆ ಅನ್ನಬೇಡಿ. ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು 170 ಕಿಲೋಮೀಟರ್ ದೂರ. 1966ರಲ್ಲಿ ಸ್ಟಿಗ್ ಗವ್ಲೇನ್ ಎಂಬ ಜಾಹೀರಾತು ಸಲಹೆಗಾರನಿಗೆ ಒಂದು ಯೋಚನೆ ಹೊಳೆಯಿತು. ಊರಿನ ದಕ್ಷಿಣ ಭಾಗದ ಅಂಗಡಿ, ಹೋಟೆಲುಗಳಿಗೆ ಗಿರಾಕಿಗಳು ಬರಬೇಕಿತ್ತು. ಕ್ರಿಸ್‌ಮಸ್‌ಗೆ ಸ್ವೀಡನ್ನಿನ ಮನೆಗಳಲ್ಲಿ ಪುಟ್ಟದೊಂದು ಹುಲ್ಲಿನ ಹೋತ ಇಡುವ ರೂಢಿ ಇದೆ. ಅದನ್ನೇ ದೊಡ್ಡದು ಮಾಡಿ ಚೌಕದಲ್ಲಿ ನಿಲ್ಲಿಸಿದರು. 13 ಮೀಟರ್ ಎತ್ತರ, 7 ಮೀಟರ್ ಉದ್ದ, 3 ಟನ್ ತೂಕ. ಒಳಗೆ ಮರದ ಚೌಕಟ್ಟು, ಮೇಲೆಲ್ಲಾ ಹುಲ್ಲು. ಡಿಸೆಂಬರ್ 31ರ ಮಧ್ಯರಾತ್ರಿ ಯಾರೋ ಅದಕ್ಕೆ ಬೆಂಕಿ ಇಟ್ಟರು.

ಆಮೇಲೆ ಏನಾಯಿತು ಎಂಬುದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಹಚ್ಚಿದವನನ್ನು ಹುಡುಕಿ ಹಿಡಿದರು, ನ್ಯಾಯಾಲಯದಲ್ಲಿ ಅವನ ಅಪರಾಧ ಸಾಬೀತಾಯಿತು. ಮೊದಲ ವರ್ಷವೇ ಊರು ಅದನ್ನು ಹೇಗೆ ನೋಡಿತು ಅಂತ ಇದರಿಂದಲೇ ತಿಳಿಯುತ್ತದೆ, ಅಲ್ವಾ?

ಈಗ ಕಾಮದಹನದ ಮಾತಿಗೆ ಬರೋಣ. ನಮ್ಮಲ್ಲಿ ಕಾಮಣ್ಣನನ್ನು ಸುಡುವುದಕ್ಕೆ ಒಂದು ಹುಣ್ಣಿಮೆ ಇದೆ. ಹುಡುಗರು ಎಷ್ಟೋ ದಿನ ಮುಂಚೆಯೇ ಕಟ್ಟಿಗೆ, ಬೆರಣಿ ಕೂಡಿಹಾಕುತ್ತಾರೆ. ಯಾರು ಹಚ್ಚಬೇಕು, ಎಲ್ಲಿ ಹಚ್ಚಬೇಕು ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಯೇವ್ಲೆಯಲ್ಲಿ ಇದರಲ್ಲಿ ಒಂದಾದರೂ ಇದೆಯಾ? ಸುಡುವ ದಿನ ಅಂತ ಇಲ್ಲ. ಹಚ್ಚುವ ಹಕ್ಕು ಯಾರಿಗೂ ಇಲ್ಲ. ಅಲ್ಲಿರುವುದು ಬೇಲಿ, ಕ್ಯಾಮೆರಾ, ರಾತ್ರಿಯಿಡೀ ಚಳಿಯಲ್ಲಿ ನಿಲ್ಲುವ ಕಾವಲುಗಾರರು. ಕೆಲವು ವರ್ಷ ಹುಲ್ಲಿಗೆ ಬೆಂಕಿ ಹತ್ತದಂತೆ ರಾಸಾಯನಿಕವನ್ನೂ ಹೊಡೆದಿದ್ದಾರೆ. ಸುಡುವುದಕ್ಕೆಂದೇ ಮಾಡಿದ್ದಕ್ಕೆ ಯಾರಾದರೂ ಹಾಗೆ ಮಾಡುತ್ತಾರಾ? ಹೋತ ಉಳಿದರೆ, ಹೊಸ ವರ್ಷ ಕಳೆದ ಮೇಲೆ ಬಿಚ್ಚಿ ಇಳಿಸುತ್ತಾರೆ, ಅಷ್ಟೇ.

ಈ ತಪ್ಪು ತಿಳಿವಳಿಕೆಯಿಂದ ಜೈಲು ಕಂಡವರೂ ಇದ್ದಾರೆ. 2001ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಹೋತಕ್ಕೆ ಬೆಂಕಿ ಇಟ್ಟು ಸಿಕ್ಕಿಬಿದ್ದ. ಇದು ಇಲ್ಲಿಯ ಪದ್ಧತಿ, ಯಾರೂ ಏನೂ ಅನ್ನುವುದಿಲ್ಲ ಅಂತ ಸ್ವೀಡನ್ನಿನ ಗೆಳೆಯರು ಹೇಳಿದ್ದನ್ನು ನಂಬಿದ್ದೆ ಎಂದ. 18 ದಿನ ಜೈಲಿನಲ್ಲಿದ್ದ, 1,00,000 ಕ್ರೋನಾ ದಂಡ ಬಿತ್ತು. ನೀವು ಕೇಳಿದ ಪ್ರಶ್ನೆಯನ್ನೇ ಅವನೂ ಒಮ್ಮೆ ಸರಿಯಾದವರ ಹತ್ತಿರ ಕೇಳಿದ್ದರೆ ಸಾಕಿತ್ತು. 2021ರಲ್ಲಿ ಹಚ್ಚಿದವನಿಗೆ ನ್ಯಾಯಾಲಯ ಆರು ತಿಂಗಳ ಜೈಲು ವಿಧಿಸಿತು.

'ಇಷ್ಟೊಂದು ಸಲ ಸುಟ್ಟ ಮೇಲೆ ಅದೇ ಸಂಪ್ರದಾಯ ಆಗಲಿಲ್ವಾ?' ಎಂದು ವಾದಿಸುವವರಿದ್ದಾರೆ. ಅರ್ಧಕ್ಕಿಂತ ಜಾಸ್ತಿ ವರ್ಷ ಹೋತ ಹಾಳಾಗಿದೆ, ನಿಜ. 2016ರಲ್ಲಿ, 50ನೇ ವರ್ಷದ ಹೋತ ನಿಂತ ದಿನವೇ ಸುಟ್ಟುಹೋಯಿತು. ಆದರೆ ನಮ್ಮ ಜಾತ್ರೆಗಳಲ್ಲಿ ಪ್ರತಿ ವರ್ಷ ಜೇಬುಗಳ್ಳರು ಇರುತ್ತಾರೆ. ಅದನ್ನು ಜಾತ್ರೆಯ ಆಚರಣೆ ಅನ್ನುತ್ತೇವಾ? ಮೇಲಾಗಿ ಎಲ್ಲ ಸಲವೂ ಬೆಂಕಿಯಿಂದಲೇ ಹಾಳಾಗಿದ್ದಲ್ಲ. 1976ರಲ್ಲಿ ಕಾರೊಂದು ಬಂದು ಗುದ್ದಿತು. 2017ರಿಂದ 2020ರವರೆಗೆ ನಾಲ್ಕು ವರ್ಷ ಸತತವಾಗಿ ಹೋತ ಹಾಗೇ ನಿಂತಿತ್ತು. ಅದರ ವಿಡಿಯೊ ನಿಮಗೆ ಯಾರೂ ಕಳಿಸಿರಲಿಕ್ಕಿಲ್ಲ.

ನನಗೆ ತುಂಬಾ ಇಷ್ಟವಾದದ್ದು 2023ರ ಕಥೆ. ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡು ತೆನೆಯಲ್ಲಿ ಕಾಳು ಉಳಿದುಬಿಟ್ಟಿತ್ತು. ಅದೇ ಹುಲ್ಲಿನಿಂದ ಹೋತ ಕಟ್ಟಿದರು. ಕಾಗೆಯ ಜಾತಿಯ ಸಣ್ಣ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಕೂತವು, ಕಾಳು ಹುಡುಕುತ್ತಾ ಹುಲ್ಲನ್ನೆಲ್ಲ ಕಿತ್ತುಹಾಕಿದವು. ಒಕ್ಕಣೆ ಸರಿಯಾಗದ ಹುಲ್ಲಿನ ಬಣವೆಗೆ ಹಕ್ಕಿ ಮುತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ, ನನಗೆ ಅದೇ ಹೆಚ್ಚು ಮುಖ್ಯ. ಕ್ರಿಸ್‌ಮಸ್‌ಗೂ ಹೋತಕ್ಕೂ ಏನು ಸಂಬಂಧ? ಸಾಂತಾ ಬರುವುದಕ್ಕೆ ಮುಂಚೆ ಆ ಕಡೆ ಮಕ್ಕಳಿಗೆ ಉಡುಗೊರೆ ತರುತ್ತಿದ್ದದ್ದು ಹೋತವೇ. ಮನೆಯ ಗಂಡಸೊಬ್ಬ ಹೋತದ ವೇಷ ಹಾಕಿ ಬರುತ್ತಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆ ಜಾಗಕ್ಕೆ ಗಡ್ಡದ ಅಜ್ಜ ಬಂದ. ಫಿನ್ಲೆಂಡಿನಲ್ಲಿ ವೇಷ ಬದಲಾಯಿತು, ಹೆಸರು ಉಳಿಯಿತು. ಅಲ್ಲಿ ಸಾಂತಾನನ್ನು ಇವತ್ತಿಗೂ ಯೋಲುಪುಕ್ಕಿ ಅನ್ನುತ್ತಾರೆ. ಯೋಲು ಅಂದರೆ ಕ್ರಿಸ್‌ಮಸ್, ಪುಕ್ಕಿ ಅಂದರೆ ಹೋತ.

ಅದೇ ಫಿನ್ಲೆಂಡಿನಲ್ಲಿ ಜನವರಿ 13ಕ್ಕೆ ಇನ್ನೊಂದು ಹೋತ ಬರುತ್ತದೆ, ಹೆಸರು ನೂತ್ತಿಪುಕ್ಕಿ. ಹಿಂದೆ ಗಂಡಸರು ತುಪ್ಪಳದ ಕೋಟನ್ನು ಒಳಗಿನದು ಹೊರಗೆ ಮಾಡಿ ತೊಟ್ಟು, ಮರದ ತೊಗಟೆಯ ಮುಖವಾಡ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಹಬ್ಬದಲ್ಲಿ ಉಳಿದ ತಿಂಡಿಯನ್ನೂ ಬಿಯರನ್ನೂ ಕೇಳಿ ಪಡೆಯುತ್ತಿದ್ದರು. ಇದು ಸಂಪ್ರದಾಯ. ಯಾವ ದಿನ ಬರುತ್ತಾರೆ, ಏನು ಕೇಳುತ್ತಾರೆ ಅನ್ನುವುದು ಬಾಗಿಲು ತೆರೆಯುವವರಿಗೂ ಗೊತ್ತಿತ್ತು. ಆ ದೇಶದ ಕೆಲವು ಕಡೆ ಈ ಪದ್ಧತಿ ಇನ್ನೂ ಉಳಿದಿದೆ. ಈಗ ವೇಷ ಹಾಕಿ ಬಾಗಿಲು ಬಡಿಯುವವರು ಹೆಚ್ಚಾಗಿ ಮಕ್ಕಳು.